ಕರೆತಂದವರು ಯಾರು?

ಪ್ರತಿವರ್ಷ ಜೂನ್ 26ಕ್ಕೆ ನಮ್ಮ ಕಾಲೇಜಿನಲ್ಲಿ ಮಾದಕ ವಸ್ತು ವಿರೋಧಿ ದಿನ ಆಚರಿಸುತ್ತಾರೆ. ಪ್ರತಿಜ್ಞೆ, ಜಾಥಾ, ಕೊನೆಗೆ ಒಂದು ಬೀದಿನಾಟಕ. ಪದವಿಯ ಎರಡನೇ ವರ್ಷದಲ್ಲಿ ಆ ನಾಟಕದಲ್ಲಿ ನನ್ನದು ಹೆಂಡತಿಯ ಪಾತ್ರ. ಕುಡಿದು ತೂರಾಡುತ್ತ ಬರುವ ಗಂಡನ ಕಾಲು ಹಿಡಿದು ‘ಮಕ್ಕಳ ಮುಖ ನೋಡಿಯಾದ್ರೂ ಬಿಡ್ರಿ’ ಎಂದು ಅಳಬೇಕಿತ್ತು. ಚೆನ್ನಾಗಿಯೇ ಅತ್ತೆ, ಚಪ್ಪಾಳೆಯೂ ಬಿತ್ತು. ನಾಟಕದಲ್ಲಿ ಕುಡಿಯುವವರು ಮೂವರು, ಮೂವರೂ ಗಂಡಸರು. ಹೆಣ್ಣು ಪಾತ್ರಗಳೂ ಮೂರು: ಅಳುವ ಹೆಂಡತಿ, ಅಳುವ ತಾಯಿ, ಬುದ್ಧಿ ಹೇಳುವ ಟೀಚರ್. ಇದರಲ್ಲಿ ಏನೋ ಬಿಟ್ಟುಹೋಗಿದೆ ಎಂದು ಆಗ ನಮಗ್ಯಾರಿಗೂ ಅನಿಸಲಿಲ್ಲ.

ಅನಿಸಿದ್ದು ಎರಡು ವರ್ಷ ಕಳೆದ ಮೇಲೆ. ಎಂಎಸ್‌ಡಬ್ಲ್ಯು ಓದುವವರಿಗೆ ಕ್ಷೇತ್ರಕಾರ್ಯ ಕಡ್ಡಾಯ. ನನ್ನನ್ನು ಜಿಲ್ಲಾ ಕೇಂದ್ರದ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಹಾಕಿದರು. ಮೊದಲ ತಿಂಗಳು ಕೆಲಸವೆಂದರೆ ರಿಜಿಸ್ಟರ್ ಬರೆಯುವುದು. ಹೆಸರು, ವಯಸ್ಸು, ಊರು, ಯಾವ ಚಟ, ಎಷ್ಟು ವರ್ಷದಿಂದ. ಕೊನೆಯ ಕಾಲಂ ‘ಕರೆತಂದವರು’. ಅದನ್ನು ತುಂಬಲು ತಲೆ ಓಡಿಸಬೇಕಾದ್ದೇ ಇರಲಿಲ್ಲ. ಹೆಂಡತಿ, ತಾಯಿ, ಹೆಂಡತಿ, ಹೆಂಡತಿ, ಅಕ್ಕ, ತಾಯಿ. ಹಿಂದಿನ ವರ್ಷದ ಪುಟಗಳನ್ನು ತಿರುವಿದರೂ ಅದೇ ಸಾಲು. ಗಂಡಸರನ್ನು ಚಿಕಿತ್ಸೆಯ ಬಾಗಿಲಿಗೆ ತಂದು ನಿಲ್ಲಿಸುವವರು ಹೆಂಗಸರು. ಬಸ್ ಚಾರ್ಜು ಹೊಂದಿಸಿ, ಕೂಲಿ ಬಿಟ್ಟು, ಬೈಗುಳ ತಿಂದು ಕರೆತರುವವರೂ ಅವರೇ.

ಒಂದು ಮಂಗಳವಾರ ಮಧ್ಯಾಹ್ನ ಮೂವತ್ತರ ಆಸುಪಾಸಿನ ಹೆಂಗಸೊಬ್ಬರು ಸೊಂಟದ ಮೇಲೆ ಮಗು ಕೂರಿಸಿಕೊಂಡು ಬಂದರು. ನಾನು ಎಂದಿನಂತೆ, ‘ಪೇಷೆಂಟ್ ಎಲ್ಲಿದಾರಮ್ಮ?’ ಎಂದೆ. ಅವರು ಸುತ್ತ ನೋಡಿ ದನಿ ಇಳಿಸಿ, ‘ನಾನೇ ರೀ’ ಅಂದರು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ. ಬೆನ್ನುನೋವಿಗೆಂದು ಗಂಡನ ಬಾಟಲಿಯಿಂದ ಒಂದು ಗುಟುಕು ಕುಡಿಯುವುದರಲ್ಲಿ ಶುರುವಾಗಿ, ಈಗ ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗಿ ಹಿಟ್ಟು ನಾದಲು ಆಗುವುದಿಲ್ಲ ಎಂದರು. ಒಳಗಿದ್ದ ಸಿಬ್ಬಂದಿ ಕೆಟ್ಟವರೇನಲ್ಲ, ಸಮಾಧಾನದಿಂದಲೇ ಹೇಳಿದರು: ‘ಇಲ್ಲಿ ಲೇಡೀಸ್ ವಾರ್ಡ್ ಇಲ್ಲಮ್ಮ. ಮಗೂನ ಬೇರೆ ಇಟ್ಕಳಕ್ಕಾಗಲ್ಲ. ನಿಮ್ಮ ಮನೆಯವರನ್ನ ಕರ್ಕಂಡು ಬರ್ರಿ, ನೋಡೋಣ.’ ಆಕೆ ತಲೆಯಾಡಿಸಿ ಹೊರಟುಹೋದರು. ಮನೆಯವರಿಗೆ ಗೊತ್ತಾಗಬಾರದೆಂದೇ ಆಕೆ ಒಬ್ಬರೇ ಬಂದಿದ್ದರು ಎಂಬುದು ನನಗೆ ಹೊಳೆದದ್ದು ಅವರು ಗೇಟು ದಾಟಿದ ಮೇಲೆ. ಫೋನ್ ನಂಬರ್ ಕೇಳಿರಲಿಲ್ಲ. ರಿಜಿಸ್ಟರಿನಲ್ಲೂ ಬರೆದಿರಲಿಲ್ಲ, ದಾಖಲಾಗದವರನ್ನು ಬರೆಯುವ ರೂಢಿ ಅಲ್ಲಿಲ್ಲ.

‘ಹೆಂಗಸರು ಬರೋದೇ ಇಲ್ಲ, ವಾರ್ಡ್ ಕಟ್ಟಿ ಏನು ಮಾಡೋದು?’ ಎಂಬುದು ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ. ಅಂಕಿಅಂಶ ನೋಡಿದರೆ ಮಾತು ನಿಜವೆಂದೇ ಕಾಣುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಗಂಡಸರಲ್ಲಿ ಶೇ 27.3, ಹೆಂಗಸರಲ್ಲಿ ಶೇ 1.6. ಅಂದರೆ 17 ಗಂಡಸರಿಗೆ ಒಬ್ಬ ಹೆಂಗಸು. ಕುಡಿಯುವ ಗಂಡಸರಲ್ಲಿ ಐವರಲ್ಲಿ ಒಬ್ಬರು ಮದ್ಯವಿಲ್ಲದೆ ಇರಲಾರದ ಸ್ಥಿತಿಯಲ್ಲಿದ್ದರೆ, ಕುಡಿಯುವ ಹೆಂಗಸರಲ್ಲಿ 16ರಲ್ಲಿ ಒಬ್ಬರು.

ಕಡಿಮೆ, ಒಪ್ಪೋಣ. ಆದರೆ ಕ್ಯಾಲ್ಕುಲೇಟರ್ ತೆಗೆಯಿರಿ. 16 ಕೋಟಿಯನ್ನು 18ರಿಂದ ಭಾಗಿಸಿದರೆ ಕುಡಿಯುವ ಹೆಂಗಸರ ಸಂಖ್ಯೆ ಹೆಚ್ಚುಕಡಿಮೆ 90 ಲಕ್ಷ. ಅದರಲ್ಲಿ 16ಕ್ಕೆ ಒಬ್ಬರೆಂದರೆ ಐದೂವರೆ ಲಕ್ಷ ಹೆಣ್ಣುಮಕ್ಕಳು ಚಟಕ್ಕೆ ಸಿಕ್ಕಿಬಿದ್ದವರು. ಇದು ಮದ್ಯದ ಲೆಕ್ಕ ಮಾತ್ರ. ತಂಬಾಕಿನ ವಿಷಯಕ್ಕೆ ಬಂದರೆ 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಭಾರತದ ಮಹಿಳೆಯರಲ್ಲಿ ಶೇ 14.2ರಷ್ಟು ಮಂದಿ ಬಳಕೆದಾರರು. ನಮ್ಮ ಕಡೆ ಅದು ಸಿಗರೇಟಿನ ರೂಪದಲ್ಲಿ ಕಡಿಮೆ. ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ, ಸೆರಗಿನ ಗಂಟಿನಲ್ಲಿರುವ ನಶ್ಯದ ಡಬ್ಬಿ. ಅಜ್ಜಿ ಹಾಕಿಕೊಂಡರೆ ನಾವು ಅದನ್ನು ಚಟ ಎನ್ನುವುದೂ ಇಲ್ಲ. ಇನ್ನು ನಿದ್ದೆ ಮಾತ್ರೆ, ನೋವಿನ ಮಾತ್ರೆಗಳದ್ದು ಬೇರೆಯದೇ ಕತೆ. ವೈದ್ಯರ ಚೀಟಿ ಹಳೆಯದಾಗಿ ಹರಿದರೂ ಮಾತ್ರೆ ನಿಂತಿರುವುದಿಲ್ಲ. ಅದಕ್ಕೆ ವಾಸನೆಯಿಲ್ಲ, ತೂರಾಟವಿಲ್ಲ, ಬೀದಿಯಲ್ಲಿ ಬೀಳುವುದಿಲ್ಲ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಮೀಕ್ಷೆಯ ಸಂಖ್ಯೆಯನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಮನೆಗೆ ಬಂದವರು ‘ನೀವು ಕುಡೀತೀರಾ?’ ಎಂದು ಕೇಳಿದಾಗ, ಪಕ್ಕದ ಕೋಣೆಯಲ್ಲಿ ಅತ್ತೆ ಇರುವಾಗ ಎಷ್ಟು ಸೊಸೆಯಂದಿರು ಹೌದೆನ್ನುತ್ತಾರೆ? ಅದೇ ವರದಿಯಲ್ಲಿ ಇನ್ನೊಂದು ಅಂಶವಿದೆ. ಮದ್ಯ ವ್ಯಸನಿಗಳಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಪಡೆದಿದ್ದಾರೆ. ಇದು ಗಂಡು–ಹೆಣ್ಣು ಸೇರಿಸಿದ ಲೆಕ್ಕ. ಹೆಂಗಸರ ಪಾಲು ಎಷ್ಟಿರಬಹುದು ಎಂಬುದಕ್ಕೆ ಹೊರಗಿನ ಒಂದು ಸುಳಿವು ಸಿಗುತ್ತದೆ: ಜಗತ್ತಿನಲ್ಲಿ ಮಾದಕ ವಸ್ತು ಬಳಸುವವರಲ್ಲಿ ಮೂವರಲ್ಲಿ ಒಬ್ಬರು ಮಹಿಳೆ, ಆದರೆ ಚಿಕಿತ್ಸೆಯಲ್ಲಿರುವವರಲ್ಲಿ ಐವರಲ್ಲಿ ಒಬ್ಬರು ಮಾತ್ರ ಮಹಿಳೆ ಎಂದು ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ 2015ರ ವರದಿಯಲ್ಲಿ ಹೇಳಿತ್ತು.

ಹೀಗೆ ತಡವಾಗುವುದರ ಬೆಲೆ ಹೆಣ್ಣಿನ ದೇಹಕ್ಕೆ ಹೆಚ್ಚು. ಹೆಂಗಸರ ದೇಹದಲ್ಲಿ ನೀರಿನ ಅಂಶ ಕಡಿಮೆ, ಹೊಟ್ಟೆಯಲ್ಲಿ ಮದ್ಯವನ್ನು ಒಡೆಯುವ ಕಿಣ್ವವೂ ಕಡಿಮೆ. ಅಷ್ಟೇ ಕುಡಿದರೂ ರಕ್ತದಲ್ಲಿ ಸೇರುವ ಪ್ರಮಾಣ ಜಾಸ್ತಿ. ಗಂಡಸು ಹಲವು ವರ್ಷಗಳಲ್ಲಿ ತಲುಪುವ ಹಂತವನ್ನು ಹೆಣ್ಣು ಅದಕ್ಕಿಂತ ಬೇಗ ತಲುಪುತ್ತಾಳೆ, ಯಕೃತ್ತು ಬೇಗ ಕೆಡುತ್ತದೆ. ಆಸ್ಪತ್ರೆಗೆ ಬರುವ ಹೊತ್ತಿಗೆ ‘ಇಷ್ಟು ದಿನ ಏನು ಮಾಡ್ತಿದ್ರಿ?’ ಎಂಬ ಬೈಗುಳ ಕಾದಿರುತ್ತದೆ.

ಚಿಕಿತ್ಸೆಯ ಪದ್ಧತಿಗಳು ಬೆಳೆದ ರೀತಿಯಲ್ಲೇ ಇದರ ಬೇರು ಇದೆ. ಜಗತ್ತಿನ ತುಂಬ ಹರಡಿರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಶುರುವಾಗಿದ್ದು 1935ರಲ್ಲಿ, ಅಮೆರಿಕದ ಇಬ್ಬರು ಗಂಡಸರಿಂದ. ಅವರು 1939ರಲ್ಲಿ ತಂದ ಪುಸ್ತಕದಲ್ಲಿ ‘ಹೆಂಡತಿಯರಿಗೆ’ ಎಂಬ ಒಂದು ಅಧ್ಯಾಯವೇ ಇದೆ. ಹೆಂಡತಿಯೇ ಮಾತನಾಡಿದಂತಿರುವ ಆ ಅಧ್ಯಾಯವನ್ನು ಬರೆದವರೂ ಗಂಡಸೇ, ಸಂಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್. (ಓದಿದಾಗ ನನ್ನ ಬೀದಿನಾಟಕ ನೆನಪಾಗಿ ನಗು ಬಂತು.) ಅದೇ ಕಾಲಕ್ಕೆ ಮಾರ್ಟಿ ಮ್ಯಾನ್ ಎಂಬ ಮಹಿಳೆ ಆ ಗುಂಪಿಗೆ ಬಂದು ಕುಡಿತ ಬಿಟ್ಟು, ಮದ್ಯವ್ಯಸನ ಒಂದು ಕಾಯಿಲೆ ಎಂದು ದೇಶವಿಡೀ ಹೇಳುತ್ತ ತಿರುಗಿದರು. ಮುಂದೆ 1970ರ ದಶಕದ ಮಧ್ಯದಲ್ಲಿ ಜೀನ್ ಕರ್ಕ್‌ಪ್ಯಾಟ್ರಿಕ್ ಎಂಬ ಸಮಾಜಶಾಸ್ತ್ರಜ್ಞೆ, ಸ್ವತಃ ಕುಡಿತದಿಂದ ಹೊರಬಂದವರು, ಮಹಿಳೆಯರಿಗಾಗಿಯೇ ‘ವಿಮೆನ್ ಫಾರ್ ಸೊಬ್ರೈಟಿ’ ಕಟ್ಟಿದರು. ಅವರ ತಕರಾರು ಸರಳ. ‘ಮದ್ಯದೆದುರು ನಾನು ಶಕ್ತಿಹೀನ ಎಂದು ಒಪ್ಪಿಕೋ’ ಎನ್ನುವುದು ಅಹಂಕಾರದಲ್ಲಿರುವ ಗಂಡಸಿಗೆ ಮದ್ದಾದೀತು. ಮೊದಲೇ ತನ್ನನ್ನು ತಾನು ಹಳಿದುಕೊಳ್ಳುತ್ತಿರುವ ಹೆಣ್ಣಿಗೆ ಬೇಕಾದ್ದು ಕಳೆದುಹೋದ ಆತ್ಮವಿಶ್ವಾಸ. ಈ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಹನ್ನೆರಡು ಹೆಜ್ಜೆಗಳ ದಾರಿಯಲ್ಲೇ ನಡೆದು ಗೆದ್ದ ಹೆಂಗಸರೂ ಬೇಕಾದಷ್ಟಿದ್ದಾರೆ. ಆದರೆ ನಮ್ಮ ಕೇಂದ್ರದ ಗುಂಪು ಚರ್ಚೆಯಲ್ಲಿ ಕೂತಾಗ ಅವರ ಮಾತಿನ ತೂಕ ಗೊತ್ತಾಯಿತು. ಅಲ್ಲಿ ಗಂಡಸರಿಗೆ ಕೇಳುವ ಮೊದಲ ಪ್ರಶ್ನೆ, ‘ನಿಮ್ಮ ಹೆಂಡತಿ ಮಕ್ಕಳಿಗೆ ಏನೇನು ಕಷ್ಟ ಕೊಟ್ಟಿದ್ದೀರಿ ಹೇಳಿ’. ಇಪ್ಪತ್ತು ಗಂಡಸರ ನಡುವೆ ಆ ರೊಟ್ಟಿ ಬಡಿಯುವ ಹೆಂಗಸನ್ನು ಕೂರಿಸಿ ಇದೇ ಪ್ರಶ್ನೆ ಕೇಳುವುದನ್ನು ಊಹಿಸಿಕೊಳ್ಳಿ. ಹೊಡೆತ ತಿಂದವರು, ಗಂಡನ ಒತ್ತಾಯಕ್ಕೇ ಗ್ಲಾಸು ಹಿಡಿದವರು, ಹೆರಿಗೆಯ ನಂತರದ ಖಿನ್ನತೆಗೆ ಚಿಕಿತ್ಸೆ ಸಿಗದೆ ಮಾತ್ರೆಗೆ ಅಂಟಿಕೊಂಡವರು ಅಲ್ಲಿ ಬಾಯಿ ಬಿಡುವುದು ಹೇಗೆ?

ನಮ್ಮ ದೇಶದಲ್ಲೂ ಈ ಕ್ಷೇತ್ರಕ್ಕೆ ಬುನಾದಿ ಹಾಕಿದವರಲ್ಲಿ ಹೆಂಗಸರಿದ್ದಾರೆ ಎಂಬುದು ಕುತೂಹಲದ ಸಂಗತಿ. ಕುಡಿತದಿಂದ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈನಲ್ಲಿ ಚಿಕಿತ್ಸಾ ಸಂಸ್ಥೆ ಆರಂಭಿಸಿದರು, 1992ರಲ್ಲಿ ಪದ್ಮಶ್ರೀ ಬಂತು. ಪುಣೆಯಲ್ಲಿ ಅನಿಲ್ ಅವಚಟ್ ಮತ್ತು ವೈದ್ಯೆ ಅನಿತಾ ಅವಚಟ್ ದಂಪತಿ 1986ರಲ್ಲಿ ‘ಮುಕ್ತಾಂಗಣ’ ಕಟ್ಟಿದರು. ಮುಕ್ತಾಂಗಣದವರು ಮುಂದೆ ಮಹಿಳೆಯರಿಗೆಂದೇ ‘ನಿಶಿಗಂಧ’ ಎಂಬ ಪ್ರತ್ಯೇಕ ವಿಭಾಗ ತೆರೆದರು. ಪ್ರತ್ಯೇಕ ವಿಭಾಗ ಬೇಕೆಂದು ಅವರಿಗೆ ಅನಿಸಲು ಎರಡು ದಶಕವೇ ಹಿಡಿಯಿತು ಎಂಬುದನ್ನು ದೂರಾಗಿ ಹೇಳುತ್ತಿಲ್ಲ. ಎಷ್ಟು ಕಣ್ಣು ತೆರೆದಿದ್ದವರಿಗೂ ಇದು ಎಷ್ಟು ತಡವಾಗಿ ಕಾಣುತ್ತದೆ ಎಂಬುದಕ್ಕೆ ಹೇಳಿದೆ.

ಕರ್ನಾಟಕದಲ್ಲಿ ಮದ್ಯದ ಚರ್ಚೆ ಬಂದಾಗಲೆಲ್ಲ ಹೆಂಗಸರು ಮುಂದಿನ ಸಾಲಿನಲ್ಲೇ ಇರುತ್ತಾರೆ. 2007ರಲ್ಲಿ ಸಾರಾಯಿ ನಿಷೇಧವಾದದ್ದರ ಹಿಂದೆ ಅವರ ವರ್ಷಗಳ ಕೂಗು ಇತ್ತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಆ ಹೋರಾಟದ ಬಗ್ಗೆ ನನಗೆ ಗೌರವವಿದೆ. ಆದರೆ ಕುಡಿತದ ವಿರುದ್ಧ ನಿಂತವಳು ಹೆಣ್ಣು ಎಂಬ ಚಿತ್ರ ಎಷ್ಟು ಗಟ್ಟಿಯಾಯಿತೆಂದರೆ, ಕುಡಿತಕ್ಕೆ ಸಿಕ್ಕ ಹೆಣ್ಣಿಗೆ ಅದರಲ್ಲಿ ಜಾಗವೇ ಉಳಿಯಲಿಲ್ಲ. ಗಂಡಸು ಕುಡಿದರೆ ‘ಪಾಪ, ಚಟಕ್ಕೆ ಬಿದ್ದ’. ಹೆಣ್ಣು ಕುಡಿದರೆ ಅವಳ ನಡತೆಯ ಬಗ್ಗೆಯೇ ಮಾತು. ಸ್ತ್ರೀಶಕ್ತಿ ಸಂಘದಲ್ಲಿ ಗೊತ್ತಾದರೆ ಮುಂದಿನ ಸಾಲದ ಸರದಿ ತಪ್ಪೀತೆಂಬ ಹೆದರಿಕೆ ಬೇರೆ. ಊರೂರಿನ ಮದ್ಯವರ್ಜನ ಶಿಬಿರಗಳಿಗೂ ಹೆಂಗಸರು ಹೋಗುತ್ತಾರೆ, ಗಂಡನನ್ನು ಕರೆದುಕೊಂಡು.

ಈಗ ಕಾನೂನಿನ ಮಾತು. ನಾನು ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ. ಪರೀಕ್ಷೆಗೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಓದುತ್ತಿದ್ದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಆ ಕಾಯ್ದೆಯ ವ್ಯಾಪ್ತಿಯಲ್ಲೇ ಬರುತ್ತವೆ. ಅದರ 21ನೇ ಸೆಕ್ಷನ್‌ನಲ್ಲಿ ಒಂದು ವಾಕ್ಯ ಕಣ್ಣಿಗೆ ಬಿತ್ತು: ಚಿಕಿತ್ಸೆಗೆ ದಾಖಲಾದ ಮಹಿಳೆಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ಮನೋವೈದ್ಯರಿಗೆ ಅನಿಸಿದರೆ ತಾತ್ಕಾಲಿಕವಾಗಿ ದೂರ ಇಡಬಹುದು, ಆದರೆ ಆ ತೀರ್ಮಾನವನ್ನು ಪ್ರತಿ 15 ದಿನಕ್ಕೊಮ್ಮೆ ಪರಿಶೀಲಿಸಬೇಕು. ಇನ್ನೂ ಮುಂದೆ 86ನೇ ಸೆಕ್ಷನ್‌ಗೆ ಬಂದೆ. ತನ್ನ ತೀರ್ಮಾನ ತಾನೇ ಮಾಡಬಲ್ಲ ವಯಸ್ಕ ವ್ಯಕ್ತಿ ಸ್ವತಂತ್ರವಾಗಿ ದಾಖಲಾಗಲು ಕೇಳಿದರೆ ಸಂಬಂಧಿಕರ ಒಪ್ಪಿಗೆಯಾಗಲೀ ಹಾಜರಿಯಾಗಲೀ ಬೇಕಿಲ್ಲ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಂದು ನಾವು ಆ ಹೆಂಗಸಿಗೆ ಹೇಳಿದ ಮೂರು ಮಾತುಗಳಲ್ಲಿ ವಾರ್ಡ್ ಇಲ್ಲ ಎಂಬುದೊಂದು ನಿಜ. ಮಗು, ಮನೆಯವರು ಎಂಬ ಉಳಿದೆರಡು ಕಾರಣಗಳಿಗೆ ಕಾನೂನು ಆರೇಳು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿತ್ತು.

ಅದೇ ಕಾಯ್ದೆಯಲ್ಲಿ ಮಾಹಿತಿ ಗೋಪ್ಯವಾಗಿಡಬೇಕೆಂಬ ನಿಯಮವಿದೆ. ಮುಟ್ಟಿನ ದಿನಗಳಲ್ಲಿ ಬೇಕಾಗುವ ವಸ್ತುಗಳನ್ನು ಒದಗಿಸಬೇಕೆಂದೂ ಬರೆದಿದೆ. ಗಾಂಜಾ, ಮಾತ್ರೆಗಳ ವಿಷಯದಲ್ಲಿ ಪೊಲೀಸರ ಹೆದರಿಕೆಯಿಂದ ಹಿಂಜರಿಯುವವರಿಗೂ ಒಂದು ದಾರಿಯಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪಡೆದರೆ ಶಿಕ್ಷೆಯ ಕ್ರಮದಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗಬಹುದು.

ಹಾಗಂತ ಪ್ರತಿ ತಾಲ್ಲೂಕಿನಲ್ಲೂ ಮಹಿಳಾ ವಾರ್ಡ್ ಕಟ್ಟಿ ಎಂದು ಕೂಗುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಕಟ್ಟಿದ ಹಾಸಿಗೆ ಖಾಲಿ ಉಳಿದರೆ ಮರುವರ್ಷ ಅದೇ ನೆಪವಾಗಿ ಅನುದಾನ ನಿಲ್ಲುತ್ತದೆ. ಇನ್ನೊಂದು ಭಯವೂ ಇದೆ. ಹೇಳಿದ ಮಾತು ಕೇಳದ ಮಗಳನ್ನೋ, ಬೇಡವಾದ ಹೆಂಡತಿಯನ್ನೋ ‘ಚಟ ಬಿಡಿಸುತ್ತೇವೆ’ ಎಂದು ನೋಂದಣಿಯಿಲ್ಲದ ಕೇಂದ್ರದಲ್ಲಿ ಕೂಡಿಹಾಕಲು ದಾರಿ ಮಾಡಿಕೊಟ್ಟಂತೆ ಆಗಬಾರದು. ಮನೆಯಲ್ಲೇ ಕೋಣೆಗೆ ಬೀಗ ಹಾಕಿ ಕುಡಿತ ಬಿಡಿಸುವುದಂತೂ ಇನ್ನೂ ಅಪಾಯ. ದಿನವೂ ಹೆಚ್ಚು ಕುಡಿಯುತ್ತಿದ್ದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ಬೆಳಿಗ್ಗೆ ಕೈ ನಡುಗುತ್ತದೆ ಎಂದು ಆ ಹೆಂಗಸು ಹೇಳಿದ್ದರಲ್ಲ, ಅದು ವೈದ್ಯರ ಕಣ್ಣಳತೆಯಲ್ಲೇ ಬಿಡಿಸಬೇಕು ಎಂಬುದರ ಗುರುತು.

ಎಲ್ಲರಿಗೂ ದಾಖಲಾತಿ ಬೇಕಾಗಿಲ್ಲ. ತುಂಬ ಜನರಿಗೆ ಹೊರರೋಗಿ ಚಿಕಿತ್ಸೆಯೇ ಸಾಕು. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೆ ಹೆಣ್ಣುಮಕ್ಕಳಿಗೂ ಒಳ್ಳೆಯ ಚಿಕಿತ್ಸೆ ಸಿಗುತ್ತದೆ, ಆದರೆ ಬೆಳಿಗ್ಗೆ ಐದಕ್ಕೆ ಖಾನಾವಳಿಗೆ ಹೋಗಬೇಕಾದವರಿಗೆ ಬೆಂಗಳೂರು ಬಹಳ ದೂರ. ಪ್ರತಿ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಇರಬೇಕೆಂದಿದೆ. ವಾರದಲ್ಲಿ ಒಂದು ಮಧ್ಯಾಹ್ನ, ಮಹಿಳಾ ಆಪ್ತಸಮಾಲೋಚಕಿಯೊಬ್ಬರು ಬೋರ್ಡಿನ ಮೇಲೆ ‘ವ್ಯಸನ’ ಎಂದು ಬರೆಯದ ಒಂದು ಕೋಣೆಯಲ್ಲಿ ಕೂತರೆ ಎಷ್ಟೋ ಆಯಿತು. ‘ಬೆನ್ನುನೋವು’ ಎಂದು ಹೇಳಿ ಬರಬಹುದಾದ ಜಾಗ ಅದಾಗಿರಬೇಕು. ಮೂವತ್ತು ದಾಟಿದವರ ತಪಾಸಣೆಗೆಂದು ಆಶಾ ಕಾರ್ಯಕರ್ತೆಯರು ತುಂಬುವ ಫಾರ್ಮ್‌ನಲ್ಲಿ ತಂಬಾಕು, ಮದ್ಯದ ಪ್ರಶ್ನೆ ಈಗಾಗಲೇ ಇದೆ. ಅದನ್ನು ಹೊಸ್ತಿಲಲ್ಲಿ ನಿಂತು ಎಲ್ಲರೆದುರು ಕೇಳುತ್ತಾರೋ, ಒಳಗೆ ಕೂತು ಒಬ್ಬರನ್ನೇ ಕೇಳುತ್ತಾರೋ ಎಂಬುದರ ಮೇಲೆ ಉತ್ತರ ನಿಂತಿದೆ.

ಚಿಕಿತ್ಸೆ ಮುಗಿದ ಮೇಲಿನ ಮಾತು ಇನ್ನೂ ಕಷ್ಟದ್ದು. ಗಂಡಸು ಕೇಂದ್ರದಿಂದ ಮನೆಗೆ ಹೋದರೆ ಮಾತ್ರೆ ನೆನಪಿಸಲು, ಹಳೆಯ ಗೆಳೆಯರನ್ನು ಬಾಗಿಲಲ್ಲೇ ತಡೆಯಲು ಹೆಂಡತಿ ಇರುತ್ತಾಳೆ. ಹೆಂಗಸು ಹೋಗುವುದು ಅದೇ ಅಡುಗೆಮನೆಗೆ, ಎಷ್ಟೋ ಸಲ ಕುಡಿಯುತ್ತಲೇ ಇರುವ ಗಂಡನ ಬಳಿಗೆ. ಹೊಡೆತದ ಭಯವಿದ್ದರೆ 181ಕ್ಕೆ ಕರೆ ಮಾಡಬಹುದು, ಜಿಲ್ಲೆಗಳಲ್ಲಿ ಸಖಿ ಕೇಂದ್ರಗಳಿವೆ. ಆದರೆ ಕ್ಷೇತ್ರಕಾರ್ಯದ ಅಷ್ಟೂ ದಿನಗಳಲ್ಲಿ ನಮ್ಮ ಕೇಂದ್ರದಿಂದ ಸಖಿಗೆ, ಅಲ್ಲಿಂದ ನಮ್ಮಲ್ಲಿಗೆ ಒಂದು ಫೋನ್ ಕರೆ ಹೋಗಿದ್ದನ್ನೂ ಬಂದಿದ್ದನ್ನೂ ನಾನು ಕಾಣಲಿಲ್ಲ. ಎರಡೂ ಕಚೇರಿಗಳ ನಡುವೆ ಆಟೋದಲ್ಲಿ ಹತ್ತು ನಿಮಿಷದ ದಾರಿ.

ಇದನ್ನು ಓದುತ್ತಿರುವ ಹಾಸ್ಟೆಲ್‌ನ ಗೆಳತಿಯರಿಗೆ, ಪಿ.ಜಿ.ಯಲ್ಲಿದ್ದು ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಪರೀಕ್ಷೆಯ ಹಿಂದಿನ ದಿನ ನಿದ್ದೆಗೆಂದು ಶುರುವಾದ ಮಾತ್ರೆ ಇರಲಿ, ವೀಕೆಂಡ್‌ಗೆಂದು ಶುರುವಾದದ್ದು ಈಗ ಬುಧವಾರಕ್ಕೂ ಬಂದಿರಲಿ, ಕೇಳಲು ಯಾರನ್ನೂ ಜೊತೆಗೆ ಕರೆದೊಯ್ಯಬೇಕಿಲ್ಲ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಟೆಲಿ ಮಾನಸ್‌ನ ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

ಕ್ಷೇತ್ರಕಾರ್ಯ ಮುಗಿಯುವ ವಾರ ನಾನು ಕೇಂದ್ರದ ಮುಖ್ಯಸ್ಥರ ಮುಂದೆ ಕಾಯ್ದೆಯ ಆ ಎರಡು ಪುಟಗಳ ಜೆರಾಕ್ಸ್ ಇಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ‘ವಾರ್ಡ್ ನನ್ನ ಕೈಲಿಲ್ಲಮ್ಮ, ಮೇಲೆ ಬರೀತೀನಿ’ ಎಂದರು. ಆಮೇಲೆ ರಿಜಿಸ್ಟರ್ ತರಿಸಿ, ಮುಂದಿನ ವರ್ಷಕ್ಕೆ ಪ್ರಿಂಟ್‌ಗೆ ಕೊಡಬೇಕಾದ ಮಾದರಿ ಪುಟದಲ್ಲಿ ‘ಕರೆತಂದವರು’ ಎಂಬುದರ ಪಕ್ಕ ‘ಇದ್ದರೆ’ ಎಂದು ಪೆನ್ಸಿಲ್‌ನಲ್ಲಿ ಸೇರಿಸಿದರು. ಒಂದು ಕಾಲಂ ಹೆಚ್ಚಿಗೆ ಹಾಕಿಸಿ ಸರ್, ಬಂದು ವಾಪಸ್ ಹೋದವರನ್ನು ಬರೆಯೋಕೆ ಎಂದೆ. ಅದಕ್ಕೆ ಪುಟದಲ್ಲಿ ಜಾಗ ಸಾಲುವುದಿಲ್ಲ, ಬೇರೆ ನೋಟ್‌ಬುಕ್ ಇಡೋಣ ಎಂದರು. ಈಗ ಅಲ್ಲಿಗೆ ಬಂದಿರುವ ನನ್ನ ಜೂನಿಯರ್‌ಗೆ ಮೊನ್ನೆ ಫೋನ್ ಮಾಡಿ ಕೇಳಿದೆ. ನೋಟ್‌ಬುಕ್ ಇಟ್ಟಿದ್ದಾರಂತೆ, ನಾಲ್ಕು ಹೆಸರುಗಳಿವೆಯಂತೆ. ರೊಟ್ಟಿ ಬಡಿಯುವವರು ಮತ್ತೆ ಬಂದಿಲ್ಲ.